ಪದಚರ್ಚೆ: ಇಸ್ಕೀಮಿಯಾಕ್ಕೆ ‘ರಕ್ತಕೊರತೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿ-ಧಾರವಾಡದ ಹಿರಿಯ ರೋಗಿಗಳಿಗಾಗಿ ಒಂದು ಕಾಯಿಲೆಯ ಬಗ್ಗೆ ಮಾಹಿತಿ ಹಾಳೆ ಬರೆಯುತ್ತಿದ್ದೇನೆ. ಗುದನಾಳಕ್ಕೆ ರಕ್ತ ಸರಿಯಾಗಿ ಹೋಗದೆ ಅದರ ಒಳಪದರ ಕೆಡುವ ಕಾಯಿಲೆ ಅದು. ಡಾಕ್ಟರುಗಳು ಇಸ್ಕೀಮಿಕ್ ಪ್ರಾಕ್ಟೈಟಿಸ್ ಅನ್ನುತ್ತಾರೆ. ಕೈಗೆ ಬಂದ ಕರಡಿನಲ್ಲಿ ಇಸ್ಕೀಮಿಯಾಕ್ಕೆ, ಅಂದರೆ ಒಂದು ಜಾಗಕ್ಕೆ ರಕ್ತ ಸರಿಯಾಗಿ ಬರದಿರುವುದಕ್ಕೆ, ‘ರಕ್ತಕೊರತೆ’ ಎಂದಿದೆ. ನನಗೆ ಇದು ಒಪ್ಪಿಗೆಯಿಲ್ಲ.

ರಕ್ತಕೊರತೆ ಅಂದರೆ ಜನರಿಗೆ ಮೈಯಲ್ಲಿ ರಕ್ತ ಕಡಿಮೆ ಎಂದೇ ಅರ್ಥ, ಅಂದರೆ ಅನೀಮಿಯಾ. ಮನೆಯವರು ಕಬ್ಬಿಣದ ಗುಳಿಗೆ, ಬೀಟ್‌ರೂಟ್ ಕೊಡಲು ಶುರು ಮಾಡುತ್ತಾರೆ. ಇಲ್ಲಿ ಮೈಯಲ್ಲಿ ರಕ್ತ ಸಾಕಷ್ಟಿದ್ದರೂ ಆ ಒಂದು ಜಾಗಕ್ಕೆ ಬರುತ್ತಿಲ್ಲ. ಎರಡೂ ಬೇರೆ ಅಲ್ವಾ?

ನಮ್ಮ ಕಡೆ ‘ಮುಟ್ಟು’ ಅಂದರೆ ತಲುಪು ಎಂದೂ ಅರ್ಥ. ಮಲಪ್ರಭಾ ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟಲಿಲ್ಲ ಅನ್ನುತ್ತೇವೆ. ಹಾಗೆಯೇ ‘ಗುದನಾಳಕ್ಕೆ ರಕ್ತ ಮುಟ್ಟದಿರುವುದು’ ಎಂದರೆ ನವಲಗುಂದದ ಅಜ್ಜನಿಗೂ ಗೊತ್ತಾಗುತ್ತದೆ. ಮೈಸೂರು ಕಡೆಯವರಿಗೆ ಇದು ಹೇಗೆ ಕೇಳಿಸುತ್ತದೆ? ಅಲ್ಲಿ ‘ತಲುಪದಿರುವುದು’ ಎಂದೇ ಬರೆಯಬೇಕಾ?

ಈ ಕಾಯಿಲೆ ಅಪರೂಪ. ಗುದನಾಳಕ್ಕೆ ಮೇಲಿಂದ ದೊಡ್ಡ ಕರುಳಿನ ರಕ್ತನಾಳದಿಂದಲೂ, ಕೆಳಗಿಂದ ಸೊಂಟದೊಳಗಿನ ರಕ್ತನಾಳಗಳಿಂದಲೂ ರಕ್ತ ಬರುತ್ತದೆ. ಒಂದು ಕಟ್ಟಿಕೊಂಡರೂ ಸಾಮಾನ್ಯವಾಗಿ ಇನ್ನೊಂದು ನಿಭಾಯಿಸುತ್ತದೆ. ರಕ್ತನಾಳ ಗಟ್ಟಿಯಾಗಿರುವ ಹಿರಿಯರಲ್ಲಿ, ಬಿಪಿ ಒಮ್ಮೆಲೇ ಬಿದ್ದಾಗ ಅಥವಾ ಹೊಟ್ಟೆಯ ದೊಡ್ಡ ರಕ್ತನಾಳದ ಆಪರೇಷನ್ ಆದ ಮೇಲೆ ಎರಡೂ ಸಾಲದೆ ಹೋಗಬಹುದು.

ಇನ್ನೊಂದು ಪದ ಜಾಸ್ತಿ ಕಾಡುತ್ತಿದೆ. ಕರಡಿನಲ್ಲಿ ಲಕ್ಷಣಕ್ಕೆ ‘ರಕ್ತಭೇದಿ’ ಎಂದಿದೆ. ಅದನ್ನು ಓದಿದವರು ಆಮಶಂಕೆ ಅಂದುಕೊಳ್ಳುತ್ತಾರೆ. ‘ಮಲದಲ್ಲಿ ರಕ್ತ’ ಎಂದಷ್ಟೇ ಬರೆದರೆ ಮೂಲವ್ಯಾಧಿ ಅಂದುಕೊಂಡು ಮನೆಮದ್ದು ಮಾಡುತ್ತಾ ದಿನ ಕಳೆಯುತ್ತಾರೆ. ಅದೇ ನನ್ನ ಭಯ. ಗುದನಾಳದ ಗೋಡೆ ಪೂರ್ತಿ ಸತ್ತರೆ ಜೀವಕ್ಕೇ ಅಪಾಯ, ಆಪರೇಷನ್ ಬೇಕಾಗುತ್ತದೆ. ಒಳಪದರ ಮಾತ್ರ ಕೆಟ್ಟಿದ್ದರೆ ಸಲೈನ್, ಕರುಳಿಗೆ ವಿಶ್ರಾಂತಿ, ಬಿಪಿ ಸರಿಪಡಿಸುವುದು ಇಷ್ಟರಲ್ಲೇ ವಾಸಿಯಾಗಬಹುದು. ಯಾವುದು ಎಂದು ಡಾಕ್ಟರು ಕೊಳವೆ ಕ್ಯಾಮೆರಾ ಹಾಕಿ ನೋಡಬೇಕು, ಸುಮ್ನೆ ಊಹಿಸಲಾಗದು. ಅದಕ್ಕೇ ಹೀಗೆ ಬರೆದಿದ್ದೇನೆ: ‘ಒಮ್ಮೆಲೇ ಕೆಳಹೊಟ್ಟೆ ಕಡಿತ, ತಡೆಯಲಾಗದ ಸಂಡಾಸದ ಅವಸರ, ಜೊತೆಗೆ ರಕ್ತ ಕಂಡರೆ ಅವತ್ತೇ ಆಸ್ಪತ್ರೆಗೆ ಬನ್ನಿ.’ ‘ಕಡಿತ’ ಅಂದರೆ ಇಲ್ಲಿ ನೋವು. ಬೇರೆ ಕಡೆಯವರು ತುರಿಕೆ ಅಂದುಕೊಳ್ಳುತ್ತಾರಾ?

ಗದಗ, ಹಾವೇರಿಯ ವೈದ್ಯರು, ನರ್ಸುಗಳು ಇದ್ದರೆ ದಯವಿಟ್ಟು ತಿಳಿಸಿ. ‘ಗುದನಾಳ’ ಎಂದರೆ ರೋಗಿಗಳಿಗೆ ಗೊತ್ತಾಗುತ್ತದೆಯೇ, ‘ಕರುಳಿನ ತುದಿ’ ಅನ್ನುವುದು ಮೇಲೇ?