ತುಮರಿ ಕಡೆಯ ಊರುಗಳಿಗೆ ಲಾಂಚಿನಲ್ಲಿ ಮನೆಗೆ ಮರಳುತ್ತಿದ್ದುದು ಹೇಗೆ?

ಪ್ರಶ್ನೆ: ಕರೂರಿನ ಮೊಮ್ಮಗಳು

ನಮ್ಮ ತಾಯಿಯ ತವರು ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನಾಚೆಯ ಕರೂರು ಹೋಬಳಿಯಲ್ಲಿದೆ. ಮನೆತನದ ವಿವರಗಳನ್ನು ಬರೆದಿಡಲು ಹೊರಟಾಗ, ಸಾಗರದ ಪೇಟೆಗೆ ಹೋದ ಅಜ್ಜ ಲಾಂಚ್ ತಪ್ಪೀತೆಂದು ಕೆಲಸವನ್ನು ಅರ್ಧಕ್ಕೇ ಬಿಟ್ಟು ಹೊರಡುತ್ತಿದ್ದರೆಂಬ ಮಾತನ್ನು ಎಲ್ಲರೂ ಹೇಳಿದರು. 2025ರ ಜುಲೈನಲ್ಲಿ ಉದ್ಘಾಟನೆಯಾದ ಸೇತುವೆಯ ಮೇಲೆ ಕೆಲವೇ ನಿಮಿಷಗಳಲ್ಲಿ ದಾಟಿದ ನನಗೆ ಆ ಅವಸರ ಊಹೆಗೆ ನಿಲುಕುತ್ತಿಲ್ಲ. ರಸ್ತೆಯಲ್ಲಿ ಸುತ್ತಿ ಹೋಗಲು ಆಗುತ್ತಿರಲಿಲ್ಲವೇ? ಬೇಸಿಗೆಯಲ್ಲಿ ನೀರು ಇಳಿದಾಗ ಏನು ಮಾಡುತ್ತಿದ್ದರು?

ಉತ್ತರ: ಹೊಳೆಯಾಚೆಯವ

ಕೋಗಾರು, ಕಾರ್ಗಲ್ ಮೂಲಕ ಸುತ್ತುದಾರಿ ಇತ್ತು, ಆದರೆ ಸ್ವಂತ ವಾಹನವಿಲ್ಲದವರಿಗೆ ಅದು ಇದ್ದೂ ಇಲ್ಲದಂತೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಕಣಿವೆ ತುಂಬಿಕೊಂಡ ಮೇಲೆ, ತಾಲ್ಲೂಕು ಕೇಂದ್ರಕ್ಕೂ ನಮ್ಮ ಊರುಗಳಿಗೂ ನಡುವೆ ಉಳಿದ ನೇರ ದಾರಿ ನೀರಿನದೊಂದೇ. ಅಂಬಾರಗೋಡ್ಲಿನ ದಡದಲ್ಲಿ ಬಸ್ಸು, ಜೀಪು, ಬೈಕು, ದಿನಸಿ ಚೀಲ ಹೊತ್ತ ಜನ ಎಲ್ಲರೂ ಲಾಂಚಿನ ಅದೇ ಚಪ್ಪಟೆ ಅಟ್ಟದ ಮೇಲೆ ಹತ್ತಿ, ಎದುರಿನ ಕಳಸವಳ್ಳಿಯಲ್ಲಿ ಇಳಿದು ತಮ್ಮ ತಮ್ಮ ಊರಿನ ಕಡೆ ಸಾಗುತ್ತಿದ್ದರು. ಸಂಜೆಯ ಕೊನೆಯ ಲಾಂಚ್ ಹೊರಟುಹೋದರೆ, ಎದುರು ದಡದ ದೀಪ ಕಾಣುತ್ತಿದ್ದರೂ ರಾತ್ರಿಯನ್ನು ಈಚೆಯೇ ಕಳೆಯಬೇಕಿತ್ತು. ಸಿಗಂದೂರಿಗೆ ಭಕ್ತರು ಹೆಚ್ಚಿದ ಮೇಲಂತೂ, ಅದರಲ್ಲೂ ಸಂಕ್ರಾಂತಿಯ ಜಾತ್ರೆಯ ಹೊತ್ತಿನಲ್ಲಿ, ಸ್ವಂತ ಮನೆಗೆ ಹೋಗುವವರೂ ಪ್ರವಾಸಿಗರ ವಾಹನಗಳ ಸಾಲಿನ ಹಿಂದೆ ಕಾಯಬೇಕಾಯಿತು. ನಿಮ್ಮ ಅಜ್ಜನ ಅವಸರ ಅತಿಯೇನಲ್ಲ.

ಉತ್ತರ: ಬೇಸಿಗೆಯ ದಡ

ಬೇಸಿಗೆಯ ವಿಷಯಕ್ಕೆ ಎರಡು ಮಾತು ಸೇರಿಸುತ್ತೇನೆ. ಜಲಾಶಯದ ಪೂರ್ಣ ಮಟ್ಟ 1819 ಅಡಿ. ವಿದ್ಯುತ್ತಿಗಾಗಿ ನೀರು ಹರಿದಂತೆ ದಡ ಕೆಳಗಿಳಿಯುತ್ತದೆ, ಹಾಗಾಗಿ ಲಾಂಚ್ ನಿಲ್ಲುವ ಜಾಗವೂ ಅದರ ಬೆನ್ನಿಗೇ ಸರಿಯುತ್ತಿತ್ತು. ಮುಳುಗಿದ್ದ ಮರಗಳ ಬೊಡ್ಡೆಗಳು ಮೇಲೆದ್ದಾಗ ಅವುಗಳ ನಡುವೆ ದಾರಿ ನೋಡಿಕೊಂಡು ನಡೆಸುವುದು ಚಾಲಕರ ಪಾಲಿಗೆ ಸುಲಭದ ಕೆಲಸವಾಗಿರಲಿಲ್ಲ. ಮುಂಗಾರು ತಡವಾದ 2023ರ ಜೂನ್‌ನಂತಹ ದಿನಗಳಲ್ಲಿ ವಾಹನಗಳನ್ನು ಸಾಗಿಸುವುದೇ ಕಷ್ಟವಾಯಿತು. ಯಾವ ನೀರಿಗಾಗಿ ಗದ್ದೆ, ತೋಟ ಬಿಟ್ಟುಕೊಟ್ಟರೋ ಅದೇ ನೀರು ಇಳಿದಾಗಲೂ ತೊಂದರೆ ಅನುಭವಿಸಿದವರು ಇಲ್ಲಿಯ ಜನ. ನಾಡಿಗೆಲ್ಲ ಬೆಳಕು ಹೋಯಿತೆಂಬುದನ್ನು ಒಪ್ಪುತ್ತೇನೆ, ಆದರೆ ದಾಟಲು ಒಂದು ಸೇತುವೆಗಾಗಿ ಅರವತ್ತು ವರ್ಷ ಕಾಯಿಸಿದ್ದನ್ನು ಹೇಗೆ ಸಮರ್ಥಿಸುವುದೋ ತಿಳಿಯದು.

ಉತ್ತರ: ಕರೂರಿನ ಮೊಮ್ಮಗಳು

ಇಬ್ಬರಿಗೂ ಧನ್ಯವಾದಗಳು. ಲಾಂಚಿನ ಪಯಣ ಬಹಳ ಚೆಂದವಿತ್ತೆಂದು ನಮ್ಮ ಮಾವಂದಿರು ಹೇಳುತ್ತಾರೆ, ಅಮ್ಮ ಮಾತ್ರ ಆ ಮಾತಿಗೆ ತಲೆಯಾಡಿಸುವುದಿಲ್ಲ.

ಉತ್ತರ: ಹೊಳೆಯಾಚೆಯವ

ಇಬ್ಬರ ಮಾತನ್ನೂ ಬರೆದುಕೊಳ್ಳಿ. ಮಳೆಗಾಲ ಮುಗಿದು ನೀರು ತುಂಬಿದಾಗ ಅದರಷ್ಟು ಸೊಗಸಾದ ದಾರಿ ಇರಲಿಲ್ಲ, ಆದರೆ ರಾತ್ರಿ ಹೆರಿಗೆ ನೋವು ಕಾಣಿಸಿಕೊಂಡ ಮನೆಯವರಿಗೆ ಆ ಸೊಗಸಿನಿಂದ ಪ್ರಯೋಜನವಿರಲಿಲ್ಲ. ಹಸಿರುಮಕ್ಕಿ ಮತ್ತು ಮುಪ್ಪಾನೆಯಲ್ಲೂ ಇದೇ ಹಿನ್ನೀರಿನ ಲಾಂಚುಗಳಿದ್ದವು. ಅಲ್ಲಿ ಓಡಾಡಿದ ಹಿರಿಯರನ್ನೂ, ಮುಖ್ಯವಾಗಿ ಹೆಂಗಸರನ್ನು, ಕೇಳಿ ನೋಡಿ.