‘ರಸ್ತೆ’ಯೋ ‘ಬೀದಿ’ಯೋ? ‘ಮಾರ್ಗ’, ‘ಪಥ’, ‘ಹಾದಿ’ಗಳ ಬಳಕೆಯ ಬಗ್ಗೆ ಒಂದು ಪ್ರಶ್ನೆ

ವಿಜಯಪುರದಲ್ಲಿ ಗಾಂಧಿ ಚೌಕದ ಕಡೆಗೆ ಹೋಗುವ ಹಳೆಯ ಪೇಟೆಯ ಬೀದಿಯೊಂದರ ನಿವಾಸಿಗಳೂ ಅಂಗಡಿಕಾರರೂ ಸೇರಿ ಒಂದು ಮನವಿಯನ್ನು ಸಿದ್ಧಪಡಿಸುತ್ತಿದ್ದೇವೆ. ಬೀದಿಯನ್ನು ಅಗಲ ಮಾಡಬೇಕೆಂಬ ಬೇಡಿಕೆ ನಮ್ಮದಲ್ಲ. ಈಗಿರುವ ಅಗಲದಲ್ಲಿಯೇ ನಡೆಯುವವರಿಗೆ, ಸೈಕಲ್ಲಿನವರಿಗೆ, ನಗರ ಸಾರಿಗೆಯ ಬಸ್ಸಿಗೆ ಮತ್ತು ಉಳಿದುಕೊಂಡಿರುವ ಬೇವಿನ ಮರಗಳಿಗೆ ಅವರವರ ಪಾಲು ಹಂಚಿ ಹೊಸ ನಕ್ಷೆ ಮಾಡಿಕೊಡಿ ಎಂಬುದಷ್ಟೇ ಅದರ ಸಾರ. ಕನ್ನಡದ ಕರಡನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಎರಡು ಪುಟದ ಬರಹಕ್ಕೆ ಒಂದು ವಾರ ಹಿಡಿಯಿತು. ಹೇಳಬೇಕಾದದ್ದು ಸ್ಪಷ್ಟವಾಗಿದ್ದರೂ ಪ್ರತಿಯೊಂದು ಸಾಲಿನಲ್ಲಿ ಯಾವುದಾದರೊಂದು ಪದ ಅಡ್ಡ ನಿಂತಿತು. ಅವುಗಳಲ್ಲಿ ಮುಖ್ಯವಾದವನ್ನು ಇಲ್ಲಿ ಇಡುತ್ತಿದ್ದೇನೆ. ಬೇರೆ ಊರುಗಳ ಬಳಕೆಯನ್ನು ಬಲ್ಲವರು ತಿಳಿಸಿಕೊಡಬೇಕು.

ಮೊದಲ ತೊಡಕು ತಲೆಬರಹದಲ್ಲಿಯೇ ಎದುರಾಯಿತು. ‘ರಸ್ತೆಯ ಮರುವಿನ್ಯಾಸ’ ಎಂದು ಬರೆದು ಓದಿ ತೋರಿಸಿದಾಗ ಕೇಳಿದವರೆಲ್ಲರೂ ಅದನ್ನು ‘ರಸ್ತೆ ಅಗಲೀಕರಣ’ ಎಂದೇ ತಿಳಿದರು. ಒಬ್ಬ ಅಂಗಡಿಕಾರರಂತೂ ತಮ್ಮ ಅಂಗಡಿಯ ಮೆಟ್ಟಿಲಿಗೆ ಎಷ್ಟು ಅಡಿ ಗುರುತು ಬೀಳಬಹುದೆಂದು ಆತಂಕದಿಂದ ಕೇಳಿದರು. ಅವರ ತಿಳಿವಳಿಕೆಯಲ್ಲಿ ತಪ್ಪೇನೂ ಇಲ್ಲ. ‘ರಸ್ತೆ ಅಭಿವೃದ್ಧಿ’, ‘ರಸ್ತೆ ಕಾಮಗಾರಿ’, ‘ರಸ್ತೆ ತೆರಿಗೆ’, ‘ರಸ್ತೆ ಅಪಘಾತ’, ‘ರಸ್ತೆ ಸಾರಿಗೆ’ ಎಂಬ ಜೋಡಿಪದಗಳಲ್ಲೆಲ್ಲ ‘ರಸ್ತೆ’ ಎಂದರೆ ಗಾಡಿಗಳು ಓಡುವ ಡಾಂಬರಿನ ಭಾಗ ಮಾತ್ರ. ಅದರ ಆಚೀಚೆ ಇರುವ ಗಟಾರ, ಮರ, ಕಟ್ಟಿ, ತರಕಾರಿ ಬುಟ್ಟಿ ಇವೆಲ್ಲ ರಸ್ತೆಯ ಹೊರಗಿನವು, ಹಲವು ವೇಳೆ ರಸ್ತೆಗೆ ಅಡ್ಡಿಯಾದವು. ‘ಬೀದಿ’ಯ ಜೋಡಿಪದಗಳು ಹಾಗಲ್ಲ: ಬೀದಿದೀಪ, ಬೀದಿನಾಟಕ, ಬೀದಿ ವ್ಯಾಪಾರಿ, ರಾಜಬೀದಿ, ತೇರುಬೀದಿ. ಈ ಗೋಡೆಯಿಂದ ಆ ಗೋಡೆಯವರೆಗಿನ ಇಡೀ ಜಾಗವೂ ಅಲ್ಲಿ ನಡೆಯುವ ಬದುಕೂ ‘ಬೀದಿ’ ಎಂಬ ಪದದ ಒಳಗೇ ಬರುತ್ತವೆ. ನಮ್ಮ ಮನವಿ ಕೇಳುತ್ತಿರುವುದು ಆ ಇಡೀ ಜಾಗದ ಹಂಚಿಕೆಯನ್ನೇ ಆದ್ದರಿಂದ ‘ಬೀದಿಯ ಮರುವಿನ್ಯಾಸ’ ಎನ್ನುವುದೇ ಸರಿ ಎಂದು ನನಗೆ ತೋರಿತು. ಕೊನೆಗೆ ಹಾಗೆಯೇ ತಿದ್ದಿದೆ.

ಆದರೆ ಇದಕ್ಕೂ ಎರಡು ಆಕ್ಷೇಪಗಳು ಬಂದವು, ಎರಡೂ ತೂಕವುಳ್ಳವು. ಒಂದು, ನಮ್ಮ ಭಾಗದ ಮಾತಿನಲ್ಲಿ ‘ಬೀದಿ’ ಅಷ್ಟಾಗಿ ಕೇಳಿಬರುವುದಿಲ್ಲ. ಮನೆಗಳಿರುವುದು ಓಣಿ ಅಥವಾ ಗಲ್ಲಿ, ವ್ಯಾಪಾರ ನಡೆಯುವುದು ಪೇಟೆ ಅಥವಾ ಬಜಾರ, ದೊಡ್ಡದು ರೋಡು. ವೀಥಿಯ ತದ್ಭವ ಬೀದಿ ಎಂದು ಶಾಲೆಯಲ್ಲಿ ಕಲಿತದ್ದು ಪುಸ್ತಕದಲ್ಲಿ ಉಳಿಯಿತು. ನಾಲಿಗೆಯ ಮೇಲೆ ಉಳಿದದ್ದು ಪಾರ್ಸಿಯ ‘ರಾಸ್ತಾ’ದಿಂದ ಬಂದ ರಸ್ತೆ. 1686ರವರೆಗೆ ಆದಿಲಶಾಹಿಗಳ ರಾಜಧಾನಿಯಾಗಿದ್ದ ಊರಿನಲ್ಲಿ ಅದು ಸಹಜವೇ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ‘ಬೀದಿಗೆ ಬಿದ್ದರು’, ‘ಬೀದಿಪಾಲಾದರು’ ಎನ್ನುವ ನುಡಿಗಟ್ಟುಗಳಿಂದಾಗಿ ಬೀದಿ ಎಂದೊಡನೆ ನಿರ್ಗತಿಕತನದ ನೆನಪಾಗುತ್ತದೆ ಎಂದು ಒಬ್ಬ ಹಿರಿಯರು ಹೇಳಿದರು. ‘ಓಣಿ’ ಎನ್ನೋಣವೆಂದರೆ ಅದು ಬಸ್ಸು ಹೋಗುವಷ್ಟು ದೊಡ್ಡದಲ್ಲ. ‘ಕೇರಿ’ ಅಚ್ಚಗನ್ನಡದ್ದಾದರೂ ಜಾತಿಯ ಹೆಸರು ಹೊತ್ತು ಊರ ಅಂಚಿನಲ್ಲಿ ಉಳಿದ ಪದ. ಅದರ ನೋವನ್ನು ಮರೆತು ಅದನ್ನು ಇಲ್ಲಿ ಬಳಸಲು ನನಗೆ ಮನಸ್ಸಿಲ್ಲ. ಹೀಗಾಗಿ ಬೀದಿಯೇ ಉಳಿದಿದೆ. ಬೀದರ, ಕಲಬುರಗಿ, ರಾಯಚೂರು ಕಡೆಯ ಮಾತಿನಲ್ಲಿ ಇಡೀ ಅಗಲವನ್ನು ಸೂಚಿಸುವ, ಇಂತಹ ಭಾರವಿಲ್ಲದ ಪದವೊಂದು ಇದ್ದರೆ ದಯವಿಟ್ಟು ತಿಳಿಸಿ.

ಇನ್ನು ‘ಮಾರ್ಗ’. ನನ್ನ ಮುಖ್ಯ ಪ್ರಶ್ನೆ ಇದರ ಬಗ್ಗೆಯೇ. ಕರಡಿನ ಮೊದಲ ರೂಪದಲ್ಲಿ ‘ಪಾದಚಾರಿ ಮಾರ್ಗ’, ‘ಸೈಕಲ್ ಮಾರ್ಗ’, ‘ಬಸ್ ಮಾರ್ಗ’ ಎಂದು ಮೂರು ಕಡೆ ಬಂದಿತ್ತು. ನಮ್ಮ ಮನೆಯ ಎದುರಿನ ಬೇವಿನ ಬುಡದಲ್ಲಿ ಸೊಪ್ಪು ಮಾರುವ ಅಜ್ಜಿಗೂ ಮನವಿಗೆ ಹೆಬ್ಬೆಟ್ಟು ಒತ್ತುವ ಮೊದಲು ಅದನ್ನು ಓದಿ ಹೇಳಿದೆ. ಮೆಂತ್ಯದ ಸೂಡುಗಳ ಮೇಲೆ ನೀರು ಚಿಮುಕಿಸುತ್ತಲೇ ಆಕೆ ಕೇಳಿಸಿಕೊಂಡು, “ಮಾರ್ಗ ಅಂದ್ರ ಯಾ ಊರಿಗಿ ಹೋಗ್ತದ್ರೀ ಅದು?” ಎಂದು ಕೇಳಿದಳು. ಮೂರು ದಿನ ನಾನು ಹುಡುಕುತ್ತಿದ್ದ ತಪ್ಪನ್ನು ಆಕೆ ಒಂದು ಮಾತಿನಲ್ಲಿ ಹಿಡಿದಿದ್ದಳು. ನಮ್ಮ ಕಿವಿಗೆ ಮಾರ್ಗವೆಂದರೆ ಒಂದೂರಿನಿಂದ ಇನ್ನೊಂದೂರಿಗೆ ಕರೆದೊಯ್ಯುವ ದಾರಿ. ಬಸ್ಸಿನ ಫಲಕದ ಮೇಲೆ ಬರೆಯುವ ‘ಮಾರ್ಗ’ವೂ ಅದೇ. ಆದ್ದರಿಂದ ‘ಬಸ್ ಮಾರ್ಗ ಬೇಕು’ ಎಂದು ಬರೆದರೆ ಈ ಬೀದಿಯ ಮೇಲೆ ಹೊಸ ಬಸ್ಸು ಓಡಿಸಿ ಎಂದರ್ಥವಾಗುತ್ತದೆಯೇ ಹೊರತು ಈಗ ಓಡುವ ಬಸ್ಸಿಗೆ ಬೇರೆ ವಾಹನಗಳು ನುಗ್ಗದಂತೆ ಒಂದು ಪಟ್ಟಿಯನ್ನು ಮೀಸಲಿಡಿ ಎಂದು ಯಾರೂ ತಿಳಿಯುವುದಿಲ್ಲ. ಎರಡೂ ನ್ಯಾಯವಾದ ಬೇಡಿಕೆಗಳೇ, ಆದರೆ ಬೇರೆ ಬೇರೆ. ಮಂಗಳೂರು, ಪುತ್ತೂರು ಕಡೆಯವರಿಗೆ ‘ಮಾರ್ಗ’ ಎನ್ನುವುದು ಮನೆಯೆದುರಿನ ಡಾಂಬರು ರಸ್ತೆಗೂ ದಿನಬಳಕೆಯ ಪದ ಎಂಬುದನ್ನು ಬಲ್ಲೆ. ಅಲ್ಲಿನವರಿಗೆ ಈ ಗೊಂದಲ ಬೇರೆ ಬಗೆಯಲ್ಲಿ ಕಾಣಬಹುದು.

‘ಪಥ’ಕ್ಕೆ ಈಚಿನ ವರ್ಷಗಳಲ್ಲಿ ಒಂದು ಖಚಿತವಾದ ಅರ್ಥ ಕೂಡಿಬಂದಿದೆ. ಚತುಷ್ಪಥ ಹೆದ್ದಾರಿ, ಷಟ್ಪಥ ಹೆದ್ದಾರಿ, ಬೆಂಗಳೂರು–ಮೈಸೂರು ನಡುವಿನ ದಶಪಥ ಎಂದು ಪತ್ರಿಕೆಗಳು ಬರೆದು ಬರೆದು, ಒಂದೇ ಡಾಂಬರಿನ ಮೇಲೆ ಬಿಳಿ ಗೆರೆ ಎಳೆದು ವಿಂಗಡಿಸಿದ ಒಂದು ಸಾಲಿಗೆ ‘ಪಥ’ ಎಂಬುದು ನಿಂತುಬಿಟ್ಟಿದೆ. ಹಾಗಾದರೆ ಗೆರೆಯಿಂದ ಮಾತ್ರ ಬೇರ್ಪಟ್ಟದ್ದು ‘ಬಸ್ ಪಥ’, ‘ಸೈಕಲ್ ಪಥ’ ಆಗಲಿ. ಕಲ್ಲಿನ ಅಂಚು ಕಟ್ಟಿಯೋ, ಗಿಡದ ಸಾಲು ನೆಟ್ಟೋ ವಾಹನಗಳಿಂದ ಪೂರ್ತಿ ಬೇರ್ಪಡಿಸಿದ ಜಾಗಕ್ಕೆ ಇನ್ನೊಂದು ಪದ ಬೇಕು. ಈ ವ್ಯತ್ಯಾಸ ಪಂಡಿತರ ಸೂಕ್ಷ್ಮವಲ್ಲ. ಬಣ್ಣ ಬಳಿದ ಪಥದ ಮೇಲೆ ಮರುದಿನ ಬೆಳಗ್ಗೆಯೇ ನಾಲ್ಕು ಕಾರು ನಿಲ್ಲುತ್ತವೆ. ಕಲ್ಲಿನ ಅಂಚಿನ ಆಚೆ ನಿಲ್ಲಲಾರವು. ಮನವಿಯಲ್ಲಿ ಎರಡಕ್ಕೂ ಒಂದೇ ಪದವಿದ್ದರೆ ಕಡಿಮೆ ಖರ್ಚಿನದೇ ದೊರೆಯುತ್ತದೆ, ಮತ್ತು ಕೇಳಿದ್ದನ್ನೇ ಕೊಟ್ಟಿದ್ದೇವೆ ಎಂಬ ಉತ್ತರವೂ ಅದರೊಂದಿಗೆ ಬರುತ್ತದೆ.

ಆ ಇನ್ನೊಂದು ಪದಕ್ಕಾಗಿ ನಾನು ‘ಹಾದಿ’ಯನ್ನು ಆರಿಸಿಕೊಂಡಿದ್ದೇನೆ. ಹೊಲಕ್ಕೆ ಹೋಗುವ ಕಾಲುಹಾದಿ, ಎತ್ತಿನ ಗಾಡಿಯ ಬಂಡಿಹಾದಿ ಎಂದು ಯಾರು ಬಳಸುತ್ತಾರೋ ಅವರ ಹೆಸರನ್ನು ಮುಂದಿಟ್ಟು ಹಾದಿಯನ್ನು ಹೆಸರಿಸುವ ಕ್ರಮ ನಮ್ಮಲ್ಲಿ ಮೊದಲೇ ಇದೆ. ಬಂಡಿಹಾದಿಯಲ್ಲಿ ಬಂಡಿಯದೇ ಹಕ್ಕು ಎಂಬುದು ಹೆಸರಿನಲ್ಲಿಯೇ ಅಡಗಿದೆ. ‘ಸೈಕಲ್ ಹಾದಿ’ ಎಂದಾಗ ಅಜ್ಜಿಯೂ, ಸೈಕಲ್ ಅಂಗಡಿಯ ಮೇಸ್ತ್ರಿಯೂ ಒಮ್ಮೆಲೇ ಹಿಡಿದರು. ನಡೆಯುವವರಿಗಾಗಿ ‘ಕಾಲುಹಾದಿ’ ಎನ್ನಲು ಮಾತ್ರ ಹಿಂಜರಿದೆ. ಅದು ಯಾರೂ ಕಟ್ಟದೆ, ಕಾಲ ತುಳಿತದಿಂದ ತಾನಾಗಿ ಮೂಡಿದ ದಾರಿ. ನಾವು ಕೇಳುತ್ತಿರುವುದು ಕಟ್ಟಿಕೊಡಬೇಕಾದದ್ದನ್ನು. ‘ನಡೆಹಾದಿ’ ಎಂದು ಕಟ್ಟಿ ನೋಡಿದ್ದೇನೆ. ಕಚೇರಿಯ ದಾಖಲೆಗಳಿಗೆ ‘ಪಾದಚಾರಿ ಮಾರ್ಗ’ವೇ ರೂಢಿಯಾಗಿರುವುದರಿಂದ ಮೊದಲ ಸಲ ಅದನ್ನು ಬರೆದು, ಮುಂದೆ ನಡೆಹಾದಿ ಎಂದು ಮುಂದುವರಿಸಿದ್ದೇನೆ. ಇದು ಕೃತಕವಾಗಿ ಕೇಳಿಸುತ್ತದೆಯೇ?

ನಡೆಯುವ ಮನುಷ್ಯನ ಹೆಸರಿನ ಬಗ್ಗೆಯೂ ಒಂದು ಮಾತು. ಯುಗಾದಿಯ ಮುನ್ನ ನಮ್ಮ ಜಿಲ್ಲೆಯಿಂದ ಸಾವಿರಾರು ಜನ ಶ್ರೀಶೈಲ ಮಲ್ಲಿಕಾರ್ಜುನನ ದರ್ಶನಕ್ಕೆ ನಡೆದೇ ಹೋಗುತ್ತಾರೆ. ಅವರು ‘ಪಾದಯಾತ್ರಿಗಳು’, ಹಾದಿಯುದ್ದಕ್ಕೂ ಅವರಿಗೆ ನೀರು, ಮಜ್ಜಿಗೆ, ಅನ್ನ, ಕಾಲೊತ್ತುವ ಕೈಗಳು ಕಾದಿರುತ್ತವೆ. ಅದೇ ಜನ ಮರಳಿ ಬಂದು ಬಜಾರಿಗೆ ನಡೆದು ಹೊರಟರೆ ‘ಪಾದಚಾರಿ’ಗಳಾಗುತ್ತಾರೆ. ಆ ಪದವನ್ನು ನಾನು ಪತ್ರಿಕೆಯಲ್ಲಿ ಹೆಚ್ಚಾಗಿ ಕಾಣುವುದು ‘ವಾಹನ ಡಿಕ್ಕಿ: ಪಾದಚಾರಿ ಸಾವು’ ಎಂಬ ಸಾಲಿನಲ್ಲಿ. ಈ ನೋವಿನಿಂದಲೇ ಕರಡಿನಲ್ಲಿ ಸಾಧ್ಯವಾದ ಕಡೆಯೆಲ್ಲ ‘ನಡೆಯುವವರು’ ಎಂದು ಬಿಡಿಸಿ ಬರೆದಿದ್ದೇನೆ. ‘ಸೈಕಲ್ ಸವಾರ’ ಎಂಬುದನ್ನು ಉಳಿಸಿಕೊಂಡೆ. ರಾಷ್ಟ್ರಮಟ್ಟದಲ್ಲಿ ಓಡಿಸುವ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರನ್ನು ‘ಸೈಕ್ಲಿಸ್ಟ್’ ಎನ್ನುತ್ತೇವೆ. ಹಾಲಿನ ಕ್ಯಾನು ಕಟ್ಟಿಕೊಂಡು ಬರುವವರನ್ನು, 2006-07ರಲ್ಲಿ ಆರಂಭವಾದ ಉಚಿತ ಸೈಕಲ್ ಯೋಜನೆಯಿಂದ ಎಂಟನೇ ತರಗತಿಯಲ್ಲಿ ಸೈಕಲ್ ಪಡೆದ ಹೆಣ್ಣುಮಕ್ಕಳನ್ನು ಹಾಗೆ ಕರೆಯುವುದಿಲ್ಲ. ಕುದುರೆಯೇರಿದವನಿಗೆ ಸಂದಿದ್ದ ‘ಸವಾರ’ ಎಂಬ ಪದ ಇವರಿಗೆ ದೊರೆತಿರುವುದು ನನಗೆ ಸಂತೋಷದ ವಿಷಯ. ಆದರೆ ಟಾಂಗಾ ಹೊಡೆಯುವವರು? ನಮ್ಮೂರಿನ ಗುರುತಾದ ಟಾಂಗಾವನ್ನು ‘ಮೋಟಾರುರಹಿತ ವಾಹನ’ ಎಂದು ಇಲ್ಲದ್ದರಿಂದ ಗುರುತಿಸುವುದು ನನಗೆ ಒಪ್ಪಿಗೆಯಾಗಲಿಲ್ಲ; ‘ನಿಧಾನಗಾಡಿ’ ಎಂದು ಬರೆದಿದ್ದೇನೆ.

ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಹೊರತಂದ ಮಾರ್ಗಸೂಚಿ ನಡೆಯುವವರಿಗೆ ಕನಿಷ್ಠ 1.8 ಮೀಟರು ಅಗಲದ, ಅಡೆತಡೆಯಿಲ್ಲದ ಜಾಗವಿರಬೇಕೆನ್ನುತ್ತದೆ, ಅದರ ಅಂಚು 150 ಮಿಲಿಮೀಟರಿಗಿಂತ ಎತ್ತರವಿರಬಾರದೆನ್ನುತ್ತದೆ. ನಮ್ಮ ಬೀದಿಯಲ್ಲಿ ‘ಫುಟ್‌ಪಾತ್’ ಎಂದು ಕರೆಯುವುದು ಗಟಾರದ ಮೇಲೆ ಹಾಸಿದ ಶಹಾಬಾದಿ ಫರಸಿಯನ್ನು. ಎರಡು ಅಡಿಗಿಂತ ತುಸು ಹೆಚ್ಚಿನ ಆ ಕಲ್ಲಿನ ಮೇಲೆ ಕಾಲಿಟ್ಟರೆ ಅದು ಒಂದು ಮೂಲೆಯಲ್ಲಿ ತಗ್ಗಿ ‘ಟಕ್’ ಎನ್ನುತ್ತದೆ. ಆ ಸದ್ದನ್ನು ಕೇಳಿ ಹಿಂದೆ ಬರುವವರು ಗಾಡಿಗಳಿರುವ ಕಡೆಗೆ ಇಳಿಯುತ್ತಾರೆ. ಅದೇ ಮಾರ್ಗಸೂಚಿ ನಡೆಯುವ ಜಾಗದ ಒಂದು ಬದಿಗೆ ಅಂಗಡಿಯ ಮುಂದಿನ ಒಂದು ಪಟ್ಟಿಯನ್ನೂ, ಇನ್ನೊಂದು ಬದಿಗೆ ಮರ, ಕಂಬ, ಆಸನಗಳ ಪಟ್ಟಿಯನ್ನೂ ಹೇಳುತ್ತದೆ. ಮೊದಲಿನದಕ್ಕೆ ಪದ ಹುಡುಕುವಾಗ ಒಂದು ಸಂಗತಿ ಹೊಳೆಯಿತು. ‘ಬಂದ್ ಪ್ರಯುಕ್ತ ಅಂಗಡಿ ಮುಂಗಟ್ಟುಗಳು ಮುಚ್ಚಿದ್ದವು’ ಎಂದು ಎಲ್ಲರೂ ಬರೆಯುತ್ತೇವೆ, ಆದರೆ ‘ಮುಂಗಟ್ಟು’ ಎಂದರೇನೆಂದು ಯಾರೂ ನಿಂತು ಕೇಳುವುದಿಲ್ಲ. ಮುನ್ನಿನ ಕಟ್ಟು, ಅಂಗಡಿಯ ಮುಂದಿನ ಭಾಗ. ಸಿದ್ಧವಾಗಿದ್ದ ಪದ ಜೋಡಿಪದದ ಬಾಲದಲ್ಲಿ ಅರ್ಥ ಮರೆತು ಕುಳಿತಿತ್ತು. ‘ಮುಂಗಟ್ಟು ಪಟ್ಟಿ’ ಎಂದು ಬರೆದಾಗ ಅಂಗಡಿಕಾರರಿಗೆ ವಿವರಣೆಯೇ ಬೇಕಾಗಲಿಲ್ಲ. ಅದರಾಚೆಯ ಪಟ್ಟಿಗೆ ‘ಬಹುಪಯೋಗಿ ವಲಯ’ ಎಂಬುದಕ್ಕಿಂತ ‘ನೆರಳು ಪಟ್ಟಿ’ ಮೇಲು ಎನಿಸಿದೆ. ನಲವತ್ತು ಡಿಗ್ರಿ ದಾಟುವ ಏಪ್ರಿಲ್ ಮಧ್ಯಾಹ್ನ ಬಸ್ಸಿಗೆ ಕಾಯುವವರು ತಂಗುದಾಣದ ತಗಡಿನ ಕೆಳಗೆ ನಿಲ್ಲದೆ ಬೇವಿನ ಕೆಳಗೆ ನಿಲ್ಲುತ್ತಾರೆ; ಆ ಪಟ್ಟಿಯ ಮೊದಲ ಉಪಯೋಗ ಅದೇ.

ಮರಗಳ ವಿಷಯದಲ್ಲಿ ಎರಡು ಪದಗಳಿಗೆ ಸಲಹೆ ಬೇಡುತ್ತೇನೆ. ಮರದ ಬುಡದಲ್ಲಿ ಸಿಮೆಂಟು ಹಾಕದೆ ನೀರಿಂಗಲು ಬಿಡುವ ಜಾಗಕ್ಕೆ ನಾನು ‘ಮರದ ಗುಂಡಿ’ ಎಂದು ಬರೆದಿದ್ದೆ. ಕೆಲಸಕ್ಕೆ ಬಂದಿದ್ದ ಗೌಂಡಿಯೊಬ್ಬರು “ಗುಂಡಿ ಅಂದ್ರ ಮುಚ್ಚಬೇಕಾದ್ದರಿ, ಪಾತಿ ಅನ್ನರಿ” ಎಂದರು. ನಿಂಬೆಗೆ, ದಾಳಿಂಬೆಗೆ ಪಾತಿ ಮಾಡುವ ನೆಲದವರು ಹೇಳಿದ ಪದ ಅದು, ಒಡನೆಯೇ ತಿದ್ದಿಕೊಂಡೆ. ಎರಡನೆಯದು ‘ತೆರವು’. ‘ಒತ್ತುವರಿ ತೆರವು’ ಎನ್ನುವ ಬಾಯಲ್ಲೇ ‘ಮರ ತೆರವು’ ಎನ್ನುತ್ತೇವೆ. ಬೀದಿಗಿಂತ ಮೊದಲಿನಿಂದ ಅಲ್ಲಿದ್ದ ಮರವೂ ಒತ್ತುವರಿದಾರನ ಸಾಲಿಗೆ ಸೇರುತ್ತದೆ. ಮರ ಕಡಿಯಲು ಅನುಮತಿ ಪಡೆಯಬೇಕೆಂದು 1976ರಿಂದಲೇ ರಾಜ್ಯದಲ್ಲಿ ಕಾಯ್ದೆಯಿದೆ. ಅನುಮತಿ ಬೇಕಿರುವುದು ಕಡಿಯುವುದಕ್ಕೆ, ಆದ್ದರಿಂದ ಕಡಿಯುವುದನ್ನು ‘ಕಡಿಯುವುದು’ ಎಂದೇ ಬರೆದಿದ್ದೇನೆ. ಹೊಸದಾಗಿ ನೆಡಬೇಕಾದವುಗಳಿಗೆ ‘ಸಾಲುಮರ’ ಎಂಬ ಪದ ಸಿದ್ಧವಾಗಿಯೇ ಇದೆ. ತಿಮ್ಮಕ್ಕನವರ ಹೆಸರಿನೊಡನೆ ಅದು ಎಲ್ಲರ ಮನೆಮಾತಾಗಿದೆ.

ಜನರ ನಾಲಿಗೆಗೆ ಒಗ್ಗುವ ಹೆಸರು ಸಾರಿಗೆಯಲ್ಲಿ ಸಾಧ್ಯವೇ ಎಂದು ಸಂಶಯಪಡುವವರಿಗೆ ಹುಬ್ಬಳ್ಳಿ–ಧಾರವಾಡದ ‘ಚಿಗರಿ’ಯನ್ನು ನೆನಪಿಸಬಯಸುತ್ತೇನೆ. 2018ರಲ್ಲಿ ಪ್ರಾಯೋಗಿಕವಾಗಿ ಓಡತೊಡಗಿ 2020ರಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾದ ಆ ಬಸ್ಸನ್ನು ಜನ ಚಿಗರಿ ಎಂದೇ ಕರೆಯುತ್ತಾರೆ. ಉತ್ತರ ಕರ್ನಾಟಕದ ಹೊಲಗಳಲ್ಲಿ ಜಿಗಿಯುವ ಜಿಂಕೆಯ ಹೆಸರದು. ಆದರೆ ಅದು ಓಡುವ ಮೀಸಲು ಜಾಗಕ್ಕೆ ಅಂತಹ ಹೆಸರು ಹುಟ್ಟಲಿಲ್ಲ, ಅದು ‘ಕಾರಿಡಾರ್’ ಆಗಿಯೇ ಉಳಿಯಿತು. ಧಾರವಾಡದ ಗೆಳೆಯರು ಆ ಜಾಗವನ್ನು ತಮ್ಮ ಮಾತಿನಲ್ಲಿ ಏನೆನ್ನುತ್ತಾರೆಂದು ತಿಳಿಸಿದರೆ ‘ಬಸ್ ಪಥ’ವನ್ನು ಉಳಿಸಬೇಕೋ ಬದಲಿಸಬೇಕೋ ನಿರ್ಧರಿಸಬಲ್ಲೆ. ‘ನಡೆಹಾದಿ’ಯ ಬಗ್ಗೆಯಂತೂ ಖಂಡಿತ ಬರೆಯಿರಿ, ಅಜ್ಜಿಗೆ ಮತ್ತೊಮ್ಮೆ ಓದಿ ಹೇಳಿ ಹೆಬ್ಬೆಟ್ಟು ಪಡೆಯುವುದು ಇನ್ನೂ ಬಾಕಿ ಇದೆ.