ವಾಟರ್‌ಸಾಂಗ್ ಸೀರೀಸ್ ಪೂರ್ತಿ ಓದಿದೋರು ಯಾರಾದ್ರೂ ಇದ್ದೀರಾ?

ಪುಸ್ತಕಹುಳ:
ಅಮಾಂಡಾ ಹಾಕಿಂಗ್ ಬರ್ದಿರೋ ವಾಟರ್‌ಸಾಂಗ್ ಸೀರೀಸಲ್ಲಿ ಮೊದಲ್ನೇದು, ವೇಕ್, ನಿನ್ನೆ ಮುಗೀತು. ಕಥಾನಾಯಕಿ ಜೆಮ್ಮಾಗೆ ರಾತ್ರಿ ಸಮುದ್ರದಲ್ಲಿ ಈಜೋ ಹುಚ್ಚು, ಅಕ್ಕ ಹಾರ್ಪರ್ ಬೇಡ ಬೇಡ ಅಂದ್ರೂ ಕೇಳಲ್ಲ, ಆಮೇಲೆ ಪೆನ್ ಅನ್ನೋ ಹುಡ್ಗಿ ಗ್ಯಾಂಗು ಕೊಟ್ಟಿದ್ದನ್ನ ಕುಡಿದು ಸೈರನ್, ಅಂದ್ರೆ ಹಾಡಿ ಮರುಳು ಮಾಡೋ ಗ್ರೀಕ್ ಪುರಾಣದ ಜೀವಿ, ಆಗೋಗ್ತಾಳೆ. ಇನ್ನೂ ಮೂರಿದೆಯಂತೆ, ಓದ್ಬೋದಾ? ಮತ್ತೆ ಸೈರನ್ ಅಂದ್ರೆ ಮತ್ಸ್ಯಕನ್ಯೆನೇ ತಾನೆ?

ಮಲ್ನಾಡ್_ಹುಡ್ಗಿ:
ಧಾರಾಳವಾಗಿ ಓದಿ. ಲಲಬೈ, ಟೈಡಲ್, ಎಲಿಜಿ, ಎಲ್ಲಾ 2012-13ರಲ್ಲೇ ಬಂದ್ಬಿಟ್ಟಿವೆ, ಕಾಯೋ ತಲೆನೋವಿಲ್ಲ. ನಂಗಂತೂ ಲವ್ ಸ್ಟೋರಿಗಿಂತ ಹಾರ್ಪರೇ ಇಷ್ಟ, ಅಮ್ಮ ತಲೆಗೆ ಪೆಟ್ಟಾಗಿ ಬೇರೆ ಕಡೆ ಇರೋದ್ರಿಂದ ಮನೆ ಜವಾಬ್ದಾರಿಯೆಲ್ಲಾ ಅವಳ ತಲೆ ಮೇಲೆ, ಅಪ್ಪ ಮರೆತುಹೋದ ಊಟಾನ ಅವ್ರು ಕೆಲಸ ಮಾಡೋ ಹಡಗುಕಟ್ಟೆವರೆಗೂ ತಗೊಂಡೋಗಿ ಕೊಡೋದೂ ಅವಳೇ.

ಹೋಮರ್‌ಫ್ಯಾನ್:
ಮತ್ಸ್ಯಕನ್ಯೆ ಅಲ್ಲ ಗುರು. ಗ್ರೀಕರ ಹಳೇ ಮಡಿಕೆ ಚಿತ್ರಗಳಲ್ಲಿ ನೋಡಿ, ಹೆಣ್ಣಿನ ತಲೆ, ಹಕ್ಕಿ ಮೈ. ಮೀನಿನ ಬಾಲ ಅಂಟ್ಕೊಂಡಿದ್ದು ಮಧ್ಯಯುಗದಲ್ಲಿ. ಹೋಮರನ ಒಡಿಸ್ಸಿ ಕಾವ್ಯದಲ್ಲಿ ನಾಯಕ ಒಡಿಸ್ಯೂಸ್ ಜೊತೆಯವ್ರ ಕಿವಿಗೆಲ್ಲಾ ಮೇಣ ಮೆತ್ತಿ, ತನ್ನನ್ನ ಮಾತ್ರ ಹಡಗಿನ ಕಂಬಕ್ಕೆ ಕಟ್ಟಿಸ್ಕೊಂಡು ಹಾಡು ಕೇಳ್ತಾನೆ, ಚಪಲ ನೋಡಿ! ರೋಮನ್ ಕವಿ ಓವಿಡ್ ಹೇಳೋ ಪ್ರಕಾರ ಈ ಸೈರನ್‌ಗಳು ಡಿಮೀಟರ್ ದೇವತೆಯ ಮಗಳು ಪರ್ಸೆಫೋನಿಯ ಗೆಳತೀರು, ಪಾತಾಳದ ದೇವರು ಹೊತ್ತೊಯ್ದ ಅವಳನ್ನ ಹುಡುಕೋಕೆ ಅಂತ ರೆಕ್ಕೆ ಬೇಡ್ಕೊಂಡೋರು. ಇನ್ನೊಬ್ಬ ರೋಮನ್ ಲೇಖಕ ಹೈಜಿನಸ್ ಆ ರೆಕ್ಕೆ ಬಂದಿದ್ದನ್ನೇ ಡಿಮೀಟರ್ ಕೊಟ್ಟ ಶಿಕ್ಷೆ ಅಂತಾನೆ, ಸೀರೀಸು ಹಿಡಿಯೋದೂ ಈ ಶಾಪದ ದಾರೀನೇ.

ಸುಮ್ನೆ_ಓದ್ತೀನಿ:
ಎರಡನೇದು ಸ್ವಲ್ಪ ಎಳೆದಾಟ ಅನ್ಸ್ತು, ಆದ್ರೆ ಪೆನ್ ಬಂದ್ರೆ ಸಾಕು ಪೇಜು ಓಡುತ್ತೆ. ಜೆಮ್ಮಾಳ ಹುಡುಗ ಅಲೆಕ್ಸ್ ಬಗ್ಗೆ ಏನೂ ಹೇಳಲ್ಲ, ಬಿಡಿ.

ಪುಸ್ತಕಹುಳ:
ಹಕ್ಕಿ ಮೈನಾ?! ಸರಿ, ಲಲಬೈ ಇವತ್ತೇ ಶುರು ಹಚ್ಕೋತೀನಿ.